ಕುಂಬಾರ ಹುಳದ ನೆಪ

ಸೈಕಲ್ ರಿಪೇರಿಯವನು ಬಿಳಿ ಶರ್ಟ್ ತೊಟ್ಟು ಅಂಗಡಿ ತೆರೆದ ದಿನವೇ ಬೀದಿಗೆಲ್ಲ ವಿಷಯ ಗೊತ್ತಾಗಿ ಹೋಯಿತು. ಗೊತ್ತಾಗದೆ ಉಳಿದವಳು ಅವಳೊಬ್ಬಳೇ.

ಗ್ರೀಸು, ಕರಿ ಎಣ್ಣೆ, ಟ್ಯೂಬಿಗೆ ಅಂಟಿಸುವ ಸೊಲ್ಯೂಷನ್ನು, ದಿನವಿಡೀ ಇವುಗಳ ನಡುವೆಯೇ ಬದುಕುವವನು ಬಿಳಿ ಶರ್ಟ್ ಹಾಕುತ್ತಾನೆಂದರೆ ಸುಮ್ಮನೆಯೇ? ಪಕ್ಕದ ಪೇಪರ್ ಅಂಗಡಿಯ ತಾತ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ಮೇಲಿಂದ ಕೆಳಗೆ ಅಳೆದ.

"ಏನಪ್ಪಾ, ಇವತ್ತು ಪಂಕ್ಚರ್ ಹಾಕೋದೋ, ಇಲ್ಲ ಮದುವೆಗೆ ಹೊರಟಿದ್ದೋ?"

"ಸುಮ್ನಿರಿ ತಾತ. ಬೇರೆ ಶರ್ಟು ಒಗೆಯೋಕೆ ಹಾಕಿದೀನಿ."

"ತಲೆಗೂ ಒಗೆದ ಎಣ್ಣೇನೇ ಹಚ್ಚಿದ ಹಾಗಿದೆ, ಮಿಂಚ್ತಾ ಇದೆ."

ಅವನು ಓರೆಗಣ್ಣಿನಲ್ಲಿ ಎದುರು ಕಟ್ಟಡದ ಮೇಲಿನ ಕಿಟಕಿಯನ್ನು ನೋಡಿ, ಬಿಚ್ಚಿದ ಚಕ್ರವೊಂದನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಗದ್ದ ಸ್ವಲ್ಪ ಮೇಲೆತ್ತಿ ಕುಳಿತ. ಚಕ್ರ ತಿರುಗಲಿಲ್ಲ. ಅವನೂ ಅಲುಗಲಿಲ್ಲ.

ಇದೆಲ್ಲ ಅವಳಿಗೆ ತಿಳಿದದ್ದು ಬಹಳ ಆಮೇಲೆ, ತಾತನ ಬಾಯಿಂದ. ಆ ದಿನ ಅವಳು ಆ ಕಿಟಕಿಯಲ್ಲಿ ಕುಳಿತು, ತೊಡೆಯ ಮೇಲೆ ಪುಸ್ತಕ ಹರಡಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಮನಸ್ಸಿನಲ್ಲೇ ಗೊಣಗುತ್ತಿದ್ದಳು. "ಇವನೊಬ್ಬ. ಸರಿಯಾಗಿ ಅಡ್ಡ ಬಂದು ಕೂತ್ಕೊಂಡ."

* * *

ಕಿಟಕಿಯ ಹಿಂದೆ ಇದ್ದದ್ದು ಅವಳ ಚಿಕ್ಕಮ್ಮನ ಆಲ್ಟರೇಷನ್ ಅಂಗಡಿ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು, ಕಿತ್ತುಹೋದ ಜಿಪ್ಪಿಗೆ ಹೊಸ ಜಿಪ್ಪು. ಏಳನೆಯ ತರಗತಿಯ ನಡುವೆ ಶಾಲೆ ಬಿಟ್ಟು ಬಂದವಳು ಅಂದಿನಿಂದ ಇದೇ ಕಿಟಕಿಯ ಪಕ್ಕ ಕುಳಿತು ಗುಂಡಿ ಹೊಲಿದು, ಕಾಜ ಕಟ್ಟಿ ದೊಡ್ಡವಳಾಗಿದ್ದಳು. ಗಿರಾಕಿಗಳು ಮಾತನಾಡಿಸಿದರೆ ತಲೆಯಾಡಿಸುತ್ತಿದ್ದಳು, ಇಲ್ಲವೇ ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ನಮ್ಮನೇಲಿ ಮಾತಾಡೋ ಕೆಲಸ ಮಷೀನಿಗೆ ಬಿಟ್ಟಿದೀವಿ," ಎನ್ನುತ್ತಿದ್ದರು ಚಿಕ್ಕಮ್ಮ. "ಇವಳು ಬರೀ ನೋಡ್ತಾಳೆ."

ಅದು ನಿಜ. ಅವಳು ನೋಡುತ್ತಿದ್ದಳು. ಯಾರ ಒಂದು ತೋಳು ಇನ್ನೊಂದಕ್ಕಿಂತ ಉದ್ದ, ಯಾರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಯಾವ ಗುಬ್ಬಿಗೆ ಬಾಲದಲ್ಲಿ ಒಂದು ಗರಿ ಇಲ್ಲ. ನೋಡಿದ್ದನ್ನು ಇಟ್ಟುಕೊಳ್ಳಲು ಮಾತ್ರ ಜಾಗ ಇರಲಿಲ್ಲ.

ಜಾಗ ತೋರಿಸಿದವರು ನರ್ಸಮ್ಮ. ಆಸ್ಪತ್ರೆ ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಹಳೆಯ ಕೋಟು ತಂದು, ಒಳಗೆ ಹೊರಗೆ ಎಲ್ಲ ಕಡೆ ಜೇಬು ಹೊಲಿದುಕೊಡಿ ಎಂದರು. ಅವಳಿಗೆ ತಡೆಯಲಾಗಲಿಲ್ಲ.

"ಇಷ್ಟೊಂದು ಜೇಬು ಯಾಕೆ?"

ಅವಳ ಬಾಯಿಂದ ಪ್ರಶ್ನೆ ಬಂದದ್ದಕ್ಕೆ ಚಿಕ್ಕಮ್ಮ ಮಷೀನ್ ನಿಲ್ಲಿಸಿ ತಿರುಗಿ ನೋಡಿದರು.

ನರ್ಸಮ್ಮ ಚೀಲದಿಂದ ಪೆನ್ಸಿಲುಗಳು, ರಬ್ಬರು, ಒಂದು ಭೂತಗನ್ನಡಿ, ಕೊನೆಗೆ ದಪ್ಪನೆಯ ಪುಸ್ತಕ ತೆಗೆದು ಮೇಜಿನ ಮೇಲೆ ಹರಡಿದರು. ಪುಸ್ತಕದಲ್ಲಿ ಹುಳ ತಿಂದ ಎಲೆ, ಕಾಗೆಯ ಕಾಲು, ಗೋಡೆಯ ಪಾಚಿ, ಎಲ್ಲ ಕೈಯಲ್ಲಿ ಬರೆದ ಚಿತ್ರಗಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರಹ. "ಭಾನುವಾರ ಬೆಳಿಗ್ಗೆ ಲೈಬ್ರರಿ ಮಹಡಿಗೆ ಬಾ. ಹೀಗೆ ನೋಡಿ ಬರೆಯೋದನ್ನ ನಾನೇ ಕಲಿಸ್ತೀನಿ," ಎಂದರು ನರ್ಸಮ್ಮ.

"ನನಗೆ ಚಿತ್ರ ಬರಲ್ಲ. ಓದೂ ಅಷ್ಟಕ್ಕಷ್ಟೇ."

"ಕಣ್ಣು ಇದೆ ಅಲ್ವಾ? ಸಾಕು."

ಮೊದಲ ಭಾನುವಾರ ಎಲ್ಲರಿಗೂ ಒಂದೊಂದು ಎಲೆ ಕೊಟ್ಟರು. ಅವಳು ಉಸಿರು ಬಿಗಿಹಿಡಿದು ಎಲೆ ಬರೆದಳು. ಬರೆದು ಮುಗಿಸಿ, ಅದರ ಸುತ್ತ ಸ್ವಲ್ಪ ದೂರದಲ್ಲಿ ಚುಕ್ಕಿ ಚುಕ್ಕಿಯಾಗಿ ಇನ್ನೊಂದು ಗೆರೆ ಎಳೆದಳು.

"ಈ ಎರಡನೇ ಗೆರೆ ಏನಮ್ಮ?" ಎಂದರು ನರ್ಸಮ್ಮ.

ಅವಳು ನೋಡಿಕೊಂಡಳು. ಕಿವಿ ಬಿಸಿಯಾಯಿತು. "ಅದು... ಹೊಲಿಗೆಗೆ ಬಿಟ್ಟಿದ್ದು."

ಕೋಣೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನರ್ಸಮ್ಮ. "ಇರಲಿ ಬಿಡು. ಎಲೆ ದಪ್ಪ ಆದರೆ ಬಿಚ್ಚಿ ಸಡಿಲ ಮಾಡಬಹುದು." ವಿಚಿತ್ರವೆಂದರೆ ಅವಳೂ ನಕ್ಕಳು. ನಕ್ಕ ಮೇಲೆ ಕೈ ಹಗುರಾಯಿತು.

ನರ್ಸಮ್ಮ ಹೇಳುತ್ತಿದ್ದದ್ದು ಹೆಚ್ಚೇನಿಲ್ಲ. "ವಾರ್ಡಿನಲ್ಲಿ ಮೊದಲು ಪೇಷೆಂಟ್ ಮುಖ ನೋಡ್ಬೇಕು, ಆಮೇಲೆ ಚಾರ್ಟ್ ಬರೀಬೇಕು. ಇಲ್ಲೂ ಅಷ್ಟೇ. ಕಾಗದ ಕಮ್ಮಿ ನೋಡಿ, ಎದುರಿಗಿರೋದನ್ನ ಜಾಸ್ತಿ ನೋಡಿ. ನೋಡಿದ್ದನ್ನ ಬರೀರಿ, ಗೊತ್ತಿಲ್ಲದ್ದನ್ನೂ ಬರೀರಿ. ತಪ್ಪಾದ ಗೆರೆ ಅಳಿಸಬೇಡಿ, ಪಕ್ಕದಲ್ಲೇ ಸರಿಯಾದ್ದನ್ನ ಎಳೀರಿ." ಆಮೇಲೆ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ಯಾವುದಾದರೂ ಒಂದನ್ನು ಆರಿಸಿಕೊಂಡು ಮೊದಲಿನಿಂದ ಕೊನೆಯ ತನಕ ಹಿಂಬಾಲಿಸಬೇಕು. ಮೊಗ್ಗು ಹೂವಾಗಿ ಉದುರುವ ತನಕ, ಮೊಟ್ಟೆ ಹಕ್ಕಿಯಾಗಿ ಹಾರುವ ತನಕ. ತರಗತಿಯ ಕೊನೆಯ ಭಾನುವಾರ ಎಲ್ಲರ ಮುಂದೆ ತೋರಿಸಬೇಕು.

ಕೊನೆಯ ತನಕ. ಆ ಮಾತು ಅವಳಿಗೆ ಎಲ್ಲೋ ತಾಗಿತು. ಅವಳ ಬದುಕಿನಲ್ಲಿ ಎಲ್ಲವೂ ನಡುವಿನಲ್ಲೇ ನಿಂತಿದ್ದವು. ಶಾಲೆ ನಡುವಿನಲ್ಲಿ, ಟೈಪಿಂಗ್ ಕ್ಲಾಸು ನಡುವಿನಲ್ಲಿ, ಒಬ್ಬಳೇ ಇದ್ದ ಗೆಳತಿಗೆ ಬರೆಯಹೊರಟ ಕಾಗದ ಕೂಡ ನಡುವಿನಲ್ಲಿ. ಇದೊಂದನ್ನು ಮುಗಿಸಬೇಕು ಎಂದುಕೊಂಡಳು.

ಆ ವಾರವೇ ಕಿಟಕಿಯಿಂದ ಅದು ಕಣ್ಣಿಗೆ ಬಿತ್ತು. ಸೈಕಲ್ ಅಂಗಡಿಯ ಮುಂದೆ ಬೋರ್ಡಿನ ಬದಲು ಒಂದು ತುಕ್ಕು ಹಿಡಿದ ಹಳೆಯ ಚಕ್ರವನ್ನು ನೇತುಹಾಕಿದ್ದರು. ಅದರ ನಡುವಿನ ಗುಂಬಕ್ಕೆ, ಕಡ್ಡಿಗಳ ಸಂದಿಯಲ್ಲಿ, ಒಂದು ಕುಂಬಾರ ಹುಳ ಮಣ್ಣು ತಂದು ಅಂಟಿಸುತ್ತಿತ್ತು. ಕಪ್ಪು ಮೈ, ಸೊಂಟ ದಾರದಷ್ಟು ಸಣ್ಣ, ಹೊಟ್ಟೆಗೆ ಹಳದಿ ಪಟ್ಟಿ. ಬಾಯಲ್ಲಿ ಹಸಿ ಮಣ್ಣಿನ ಉಂಡೆ. ಬಂತು, ಮೆತ್ತಿತು, ಹೋಯಿತು. ನೋಡನೋಡುತ್ತಿದ್ದಂತೆ ಉಗುರಿನಷ್ಟು ದೊಡ್ಡ ಮಡಕೆಯೊಂದು ಕತ್ತು ಸಮೇತ ಎದ್ದು ನಿಂತಿತು.

ಅವಳು ಪುಸ್ತಕ ತೆರೆದಳು.

* * *

ಆಮೇಲೆ ಪ್ರತಿದಿನ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ ಅವಳು ಕಿಟಕಿಯಲ್ಲಿ. ತೊಂದರೆ ಒಂದೇ. ಚಕ್ರದ ಕೆಳಗೆ ಕೂರುತ್ತಿದ್ದ ಆ ಮನುಷ್ಯ ಇತ್ತೀಚೆಗೆ ಸ್ಟೂಲು ತಂದು ಎತ್ತರದಲ್ಲಿ ಕೂರತೊಡಗಿದ್ದ. ಅವನ ತಲೆ ಸರಿಯಾಗಿ ಮಡಕೆಗೇ ಅಡ್ಡ. ಅದೂ ಎಣ್ಣೆ ಹಚ್ಚಿ ಬಾಚಿದ, ಬಿಸಿಲಿಗೆ ಮಿಂಚುವ ತಲೆ.

ಒಂದು ದಿನ ಹುಳ ಹಸಿರು ಕಂಬಳಿಹುಳುವೊಂದನ್ನು ಎಳೆದು ತಂದು ಮಡಕೆಯೊಳಗೆ ತುರುಕುತ್ತಿತ್ತು. ಅಂಥ ಹೊತ್ತಿನಲ್ಲೇ ಅವನ ತಲೆ! ಅವಳು ನಾಚಿಕೆಯನ್ನೂ ಮರೆತು ಕಿಟಕಿಯಿಂದಲೇ ಕೈ ಬೀಸಿದಳು. ಸ್ವಲ್ಪ ಆ ಕಡೆಗೆ, ಎಂದು.

ಅವನು ತಟ್ಟನೆ ಎದ್ದು ಪಕ್ಕಕ್ಕೆ ಸರಿದ. ಸರಿದವನು ಸುಮ್ಮನಿರದೆ ಅರ್ಧ ತಿರುಗಿ, ಮೂಗು ಒಂದು ಬದಿಗೆ ಕಾಣುವಂತೆ ನಿಂತು, ಪಂಪನ್ನು ಎದೆಯ ಮುಂದೆ ಹಿಡಿದುಕೊಂಡ.

"ಪಾಪ, ಒಳ್ಳೆಯವನು," ಎಂದುಕೊಂಡಳು ಅವಳು. "ಹೇಳಿದ ಹಾಗೆ ಕೇಳ್ತಾನೆ." ಮತ್ತೆ ಹುಳದ ಕಡೆ ತಿರುಗಿದಳು. ಪಂಪು ಹಿಡಿದವನು ಎಷ್ಟು ಹೊತ್ತು ಹಾಗೇ ನಿಂತಿದ್ದನೋ ಅವಳು ಗಮನಿಸಲಿಲ್ಲ. ಗಾಳಿ ತುಂಬಿಸಲು ಬಂದ ಪೋಸ್ಟ್‌ಮ್ಯಾನ್ ಮಾತ್ರ ಕಾದು ಕಾದು ತಾನೇ ಪಂಪು ಕಿತ್ತುಕೊಂಡ.

ಚಿಕ್ಕಮ್ಮನಿಗೆ ಇದೆಲ್ಲ ಕಾಣುತ್ತಿತ್ತು. ಬಾಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡೇ ಕೇಳಿದರು. "ಚೆನ್ನಾಗಿ ಬರ್ತಾ ಇದೆಯೇನೇ ಚಿತ್ರ?"

"ಸೊಂಟ ಒಂದು ಸರಿ ಬರ್ತಾ ಇಲ್ಲ ಚಿಕ್ಕಮ್ಮ. ಎಷ್ಟು ಸಣ್ಣ ಗೊತ್ತಾ!"

ಚಿಕ್ಕಮ್ಮ ಎದ್ದು ಬಂದು ಕೆಳಗೆ ಸೈಕಲ್‌ನವನ ಸೊಂಟ ನೋಡಿದರು. ಮತ್ತೆ ಇವಳ ಮುಖ ನೋಡಿದರು. ಹೋಗಿ ಮಷೀನಿನ ಮುಂದೆ ಕುಳಿತರು.

* * *

ಪಕ್ಕದಲ್ಲೇ ಇನ್ನೊಂದು ಮಡಕೆಯನ್ನೂ ಕಟ್ಟಿ, ಎರಡರ ಬಾಯಿಯನ್ನೂ ಮುಚ್ಚಿ ಹುಳ ಹಾರಿಹೋಯಿತು. ಇನ್ನು ಕಾಯುವುದಷ್ಟೇ. ಒಳಗಿನ ಮರಿ ಆ ಕಂಬಳಿಹುಳುಗಳನ್ನು ತಿಂದು ಬೆಳೆದು, ಒಂದು ದಿನ ಮಣ್ಣು ಕೊರೆದು ಹೊರಗೆ ಬರಬೇಕು. ಅವಳು ಬೆಳಿಗ್ಗೆ ಬಂದವಳೇ ಕಿಟಕಿ ತೆರೆದು ನೋಡುವುದು, ಮಡಕೆ ಹಾಗೇ ಇದೆ ಎಂದು ಬರೆಯುವುದು.

ಅವತ್ತು ಕಿಟಕಿ ತೆರೆದಾಗ ಕಣ್ಣು ಕುಕ್ಕಿತು.

ತುಕ್ಕಿನ ಚಕ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಕಡ್ಡಿ ಕಡ್ಡಿಗೂ ಹೊಸ ಪೇಂಟು. ಗುಂಬ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಮಡಕೆ ಇರಲಿಲ್ಲ.

ಮೆಟ್ಟಿಲು ಹೇಗೆ ಇಳಿದಳೋ, ಬೀದಿ ಹೇಗೆ ದಾಟಿದಳೋ ತಿಳಿಯದು. ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವಳು ಆ ಬೀದಿಯನ್ನು ಅಂಗಡಿಯಿಂದ ಅಂಗಡಿಗೆ ದಾಟಿದ್ದೇ ಇಲ್ಲ.

"ಏನ್ ಮಾಡಿಬಿಟ್ರಿ ನೀವು!"

ಅವನು ಕುಂಚ ಹಿಡಿದೇ ಎದ್ದು ನಿಂತ. ಮುಖವೆಲ್ಲ ನಗು. ಹತ್ತಿರದಿಂದ ನೋಡಿದರೆ ಎಡಗೆನ್ನೆಯಲ್ಲಿ ಒಂದು ಗುಳಿ. "ಚೆನ್ನಾಗಿದೆಯಾ? ರಾತ್ರಿನೇ ಕೂತು ಉಜ್ಜಿದೆ. ತುಕ್ಕು ಅಸಹ್ಯ ಕಾಣ್ತಿತ್ತು. ಚಿತ್ರದಲ್ಲಿ ಚೆನ್ನಾಗಿ ಬರಲಿ ಅಂತ..."

"ಯಾವ ಚಿತ್ರ?"

"ಅದೇ... ನೀವು ಬರೀತಿದ್ದೀರಲ್ಲ. ನಂದು."

ತಾತ ಪೇಪರು ಕೆಳಗಿಟ್ಟ.

"ನಿಮ್ಮದಲ್ಲ!" ಎಂದಳು ಅವಳು. "ಅಲ್ಲಿ ಒಂದು ಹುಳ ಗೂಡು ಕಟ್ಟಿತ್ತು. ಮಣ್ಣಿನ ಮಡಕೆ. ಮೊದಲನೇ ಉಂಡೆಯಿಂದ ಬರೀತಿದ್ದೆ ನಾನು."

"ಹುಳಾನಾ?"

"ಹುಳಾನೇ."

"ಮತ್ತೆ ಅವತ್ತು ಕೈ ಬೀಸಿದ್ದು?"

"ಅಡ್ಡ ಇದ್ದೀರಿ, ಆ ಕಡೆ ಸರೀರಿ ಅಂತ."

ಅವನು ಇಂಗು ತಿಂದ ಮಂಗನಂತೆ ನಿಂತ. ಆಮೇಲೆ ನಿಧಾನವಾಗಿ ಟೂಲ್ ಬಾಕ್ಸಿನ ಮೇಲೆ ಕುಳಿತ. "ಅಂದ್ರೆ ಇಷ್ಟು ದಿನ ನಾನು ಒಂದು ಹುಳದ ಮುಂದೆ ತಲೆ ಬಾಚ್ಕೊಂಡು..."

"ಇಸ್ತ್ರಿ ಬೇರೆ!" ಎಂದು ತಾತ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

ಅವಳಿಗೂ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತೇನೋ. ಆದರೆ ಇದೂ ನಡುವಿನಲ್ಲೇ ನಿಂತಿತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕಣ್ಣು ತುಂಬಿ ಬಂತು. ಅದನ್ನು ಕಂಡವನೇ ಅವನು ತನ್ನ ಅವಮಾನವನ್ನು ಅಲ್ಲೇ ಬಿಟ್ಟು ಎದ್ದ. ಮೂಲೆಯ ಕಸದ ಡಬ್ಬವನ್ನು ನೆಲದ ಮೇಲೆ ಬೋರಲು ಸುರಿದು, ಹಳೆ ಟ್ಯೂಬಿನ ಚೂರು, ಚಿಂದಿ, ತುಕ್ಕಿನ ಪುಡಿಯ ನಡುವೆ ಮಂಡಿಯೂರಿ ಬೆರಳಲ್ಲೇ ಹುಡುಕತೊಡಗಿದ. ಬಿಳಿ ಶರ್ಟಿನ ತೋಳು ಮೊಣಕೈ ತನಕ ಕಪ್ಪಾಯಿತು. ಅವನು ನೋಡಲೂ ಇಲ್ಲ.

"ಇದಾ?"

ಒಂದು ಮಡಕೆ ಒಡೆದಿತ್ತು. ಒಳಗೆ ಹಸಿರು ಕಂಬಳಿಹುಳುಗಳು ಮಡಚಿಟ್ಟ ಬಟ್ಟೆಯಂತೆ ಒತ್ತೊತ್ತಾಗಿ. ಇನ್ನೊಂದು ಇಡಿಯಾಗಿತ್ತು. ಅವನ ಅಂಗೈಯ ನಡುವೆ, ಗ್ರೀಸಿನ ಗೆರೆಗಳ ಮೇಲೆ, ಸುಮ್ಮನೆ ಕುಳಿತಿತ್ತು.

"ಇದೇ," ಎಂದಳು. "ಅಲುಗಾಡಿಸಬೇಡಿ."

"ಉಸಿರೂ ಆಡಲ್ಲ."

ನಿಜಕ್ಕೂ ಉಸಿರು ಹಿಡಿದಿದ್ದ. ಮುಖ ಕೆಂಪಾಗುತ್ತಿತ್ತು. ಆಗ ಅವಳಿಗೆ ನಗು ಬಂದೇಬಿಟ್ಟಿತು.

ಅವನು ಬೇರಿಂಗ್ ಗುಂಡುಗಳ ಗಾಜಿನ ಬಾಟಲಿ ಖಾಲಿ ಮಾಡಿ ತೊಳೆದು ಒರೆಸಿದ. ಅವಳು ಮೇಲೆ ಹೋಗಿ ನೆಟ್ ಬಟ್ಟೆಯ ಚೂರು ತಂದಳು. ಟ್ಯೂಬಿನಿಂದ ಕತ್ತರಿಸಿದ ರಬ್ಬರಿನಿಂದ ಬಾಟಲಿಯ ಬಾಯಿಗೆ ಅದನ್ನು ಬಿಗಿದರು. ಬಿಗಿಯುವಾಗ ಅವಳ ಬೆರಳು ಅವನ ಬೆರಳಿಗೆ ತಾಗಿತು. ಇಬ್ಬರೂ ಬಾಟಲಿಯನ್ನೇ ನೋಡಿದರು.

"ಇಲ್ಲೇ ಇರ್ಲಿ," ಎಂದ ಅವನು. "ಅದು ಇದ್ದ ಜಾಗ ಇದೇ ಅಲ್ವಾ. ನೀವು... ಬಂದು ನೋಡ್ಕೊಂಡು ಹೋಗಿ."

* * *

ಹಾಗೆ ಅವಳು ದಿನವೂ ಕೆಳಗಿಳಿಯತೊಡಗಿದಳು. ಅವನು ಸ್ಟೂಲನ್ನು ಅವಳಿಗೆ ಕೊಟ್ಟು ತಾನು ಟೂಲ್ ಬಾಕ್ಸಿನ ಮೇಲೆ ಕೂರುತ್ತಿದ್ದ. ಮತ್ತೆ ಹಳೆಯ ನೀಲಿ ಅಂಗಿಗೆ ಬಂದಿದ್ದ. ಅದೇ ಅವನಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ಅವಳು ನೋಡಿಟ್ಟುಕೊಂಡಳು. ಬರೆಯಲಿಲ್ಲ.

"ಇವತ್ತು ಏನ್ ಬರೆದ್ರಿ?"

"ಮೋಡ ಇದೆ. ಮಡಕೆ ಹಾಗೇ ಇದೆ."

"ಇಷ್ಟು ಬರೆಯೋಕೆ ಅಷ್ಟು ಹೊತ್ತಾ? ಅಷ್ಟರಲ್ಲಿ ನಾನು ಎರಡು ಬ್ರೇಕು ಬಿಗಿದೆ."

"ಮೋಡ ಯಾವ ಬಣ್ಣ ಅಂತ ನೋಡ್ಬೇಕಲ್ಲ."

ಅವನು ತಲೆಯೆತ್ತಿ ಮೋಡ ನೋಡಿದ. ಬಹಳ ಹೊತ್ತು ನೋಡಿದ. "ಹೌದು ರೀ. ಬೂದಿ ಅಂದ್ಕೊಂಡಿದ್ದೆ. ಅಂಚಲ್ಲಿ ಸ್ವಲ್ಪ ಹಳದಿ ಇದೆ."

ಅವಳು ಬರಲಾಗದ ದಿನಕ್ಕೆಂದು ಅವನೂ ದಿನಚರಿ ಶುರುಮಾಡಿದ. ಟ್ಯೂಬು ಬರುವ ರಟ್ಟಿನ ಡಬ್ಬಿಗಳನ್ನು ಹರಿದು, ಹಿಂಭಾಗದಲ್ಲಿ ಬಾಲ್ ಪೆನ್ನಿನಿಂದ. ಅವನು ಏನು ಬರೆದರೂ ಕೊನೆಗೆ ಚಕ್ರವಾಗುತ್ತಿತ್ತು.

"ಇದೇನು?"

"ಮಡಕೆ."

"ಇದಕ್ಕೆ ಕಡ್ಡಿ ಯಾಕಿದೆ?"

"ಕೈ ತಾನಾಗೇ ಹಾಕಿಬಿಡ್ತು."

ಅವಳಿಗೆ ತನ್ನ ಎಲೆಯ ಸುತ್ತಲಿನ ಚುಕ್ಕಿ ಗೆರೆ ನೆನಪಾಗಿ ಮನಸ್ಸು ತುಂಬಿ ಬಂತು. ಆ ಕಥೆ ಹೇಳಿದಳು. ಹೇಳುತ್ತ ಹೇಳುತ್ತ, ತಾನು ಇಷ್ಟು ಉದ್ದ ಮಾತನಾಡುತ್ತಿದ್ದೇನೆ ಎಂದು ಅವಳಿಗೇ ಆಶ್ಚರ್ಯ. ಅವನು ಸ್ಪ್ಯಾನರು ಕೈಯಲ್ಲಿ ಹಿಡಿದು, ತಿರುಗಿಸುವುದನ್ನೇ ಮರೆತು ಕೇಳಿದ.

"ನನಗೂ ಕಲಿಸಿ."

"ಪೆನ್ನು ಹಿಡೀರಿ. ಕಾಗದ ನೋಡಬೇಡಿ. ಎದುರಿಗಿರೋದನ್ನೇ ನೋಡ್ತಾ ಕೈ ಓಡಿಸಿ."

ಅವನು ನೋಡಿದ. ಕೈ ಓಡಿತು.

"ಮಡಕೆ ನೋಡಿ ಅಂದೆ."

"ನೋಡ್ತಾ ಇದೀನಿ."

"ಮಡಕೆ ಆ ಕಡೆ ಇದೆ."

"ಓ," ಎಂದ ಅವನು. ತಿರುಗಲಿಲ್ಲ. ಅವಳೇ ತಿರುಗಿಕೊಂಡಳು. ಬಾಟಲಿಯ ಗಾಜಿನಲ್ಲಿ ತನ್ನ ಮುಖ ಸೊಟ್ಟಗೆ ಕಂಡಿತು. ಸೊಟ್ಟಗಿದ್ದರೂ ನಗುತ್ತಿರುವುದು ತಿಳಿಯುತ್ತಿತ್ತು.

ಇದಕ್ಕೆಲ್ಲ ಒಂದು ಗಡಿ ಹಾಕಿದವರು ಚಿಕ್ಕಮ್ಮ. ಒಂದು ಸಂಜೆ ಮೇಲಿನಿಂದಲೇ, ಕಿಟಕಿಯಲ್ಲಿ ಅರ್ಧ ಮೈ ಹೊರಹಾಕಿ, ಇಡೀ ಬೀದಿಗೆ ಕೇಳುವಂತೆ ಕೂಗಿದರು. "ಏ ಹುಡುಗಿ! ಹುಳ ಹೊರಗೆ ಬರೋ ತನಕ ಅಂತ ತಾನೇ ಹೇಳಿದ್ದು? ಆಯ್ತು, ಅಲ್ಲಿ ತನಕ ನಾನು ಏನೂ ಅನ್ನಲ್ಲ. ಅದು ಬಂದ ದಿನ ಈ ಕೆಳಗೆ ಹೋಗಿ ಕೂರೋದು ಬಂದ್. ನಿಮ್ಮಮ್ಮನಿಗೆ ಉತ್ತರ ಕೊಡಬೇಕಾದವಳು ನಾನು!"

ಅವಳು ತಲೆ ತಗ್ಗಿಸಿದಳು. ಅವನು ಸರಿಯಾಗಿಯೇ ಇದ್ದ ಪೆಡಲ್ಲನ್ನು ಬಿಚ್ಚಿ ಮತ್ತೆ ಹಾಕಿದ.

ಅಂದಿನಿಂದ ಅವಳಿಗೆ ಹೊಸ ಕಷ್ಟ. ಬೆಳಿಗ್ಗೆ ಬಂದು ಬಾಟಲಿ ನೋಡುವಾಗ, ಇವತ್ತೂ ಬರದಿರಲಿ ಎಂದು ಮನಸ್ಸು ಹೇಳುತ್ತಿತ್ತು. ಆಮೇಲೆ ತನ್ನ ಮೇಲೆ ತನಗೇ ಬೇಸರ. ಪಾಪ, ಕತ್ತಲಲ್ಲಿ ಮಡಚಿಕೊಂಡು ಮಲಗಿರುವ ಜೀವ. ಅದು ಹೊರಗೆ ಬಂದರೆ ತನ್ನ ಪುಸ್ತಕಕ್ಕೆ ಕೊನೆಯ ಪುಟ ಸಿಗುತ್ತದೆ. ಬಂದರೆ ಈ ಸ್ಟೂಲು ಹೋಗುತ್ತದೆ. ಎರಡೂ ಬೇಕು ಎಂದರೆ ಯಾರು ಕೊಡುತ್ತಾರೆ?

* * *

ಕೊನೆಯ ಭಾನುವಾರ ಬಂತು. ಹುಳ ಬಂದಿರಲಿಲ್ಲ.

ಲೈಬ್ರರಿಯ ಮಹಡಿಯಲ್ಲಿ ಒಬ್ಬೊಬ್ಬರೇ ಎದ್ದು ತಮ್ಮ ಪುಸ್ತಕ ತೋರಿಸುತ್ತಿದ್ದರು. ಬ್ಯಾಂಕಿನವರೊಬ್ಬರು ತಮ್ಮ ಬಾಲ್ಕನಿಯ ಬಳ್ಳಿಯನ್ನು ಚಿಗುರಿನಿಂದ ಬೀಜದ ತನಕ ಬರೆದಿದ್ದರು. ಅವಳ ಸರದಿ ಹತ್ತಿರವಾಯಿತು. ಎದ್ದು ನಿಂತು ಹೇಳಬೇಕಾದ ಮಾತನ್ನು ಒಳಗೇ ಹೇಳಿಕೊಂಡಳು. ನಂದು ಅರ್ಧ ಆಗಿದೆ. ಮುಗಿದಿಲ್ಲ.

"ಈಗ ನೀನಮ್ಮ," ಎಂದರು ನರ್ಸಮ್ಮ.

ಅವಳು ಎದ್ದಳು. ಬಾಯಿ ತೆರೆದಳು. ಕೆಳಗೆ ಬೀದಿಯಲ್ಲಿ ಯಾರೋ ಒಂದೇ ಸಮನೆ ಬೆಲ್ ಹೊಡೆಯುತ್ತಿದ್ದರು.

"ರೀ! ಮೇಲೆ ಇದೀರಾ? ರೀ! ಬರ್ತಾ ಇದೆ!"

ಎಲ್ಲರೂ ಕಿಟಕಿಗೆ ಓಡಿದರು. ಒಂದು ಚಿಕ್ಕ ಗುಲಾಬಿ ಬಣ್ಣದ ಸೈಕಲ್ಲಿನ ಮೇಲೆ, ಮಂಡಿಗಳು ಕಿವಿಗೆ ತಾಗುವಂತೆ ಮಡಚಿಕೊಂಡು, ಅವನು. ಹ್ಯಾಂಡಲ್ಲಿಗೆ ಕಟ್ಟಿದ ಬುಟ್ಟಿಯಲ್ಲಿ ಚಿಂದಿ ಬಟ್ಟೆಯ ಮೆತ್ತೆ, ಅದರ ನಡುವೆ ಬಾಟಲಿ.

"ಅಂಗಡಿಯಲ್ಲಿ ಓಡೋ ಸ್ಥಿತಿಯಲ್ಲಿ ಇದ್ದಿದ್ದು ಇದೊಂದೇ!" ಎಂದು ಕೆಳಗಿನಿಂದಲೇ ಸಮಜಾಯಿಷಿ ಕೊಟ್ಟ.

ಮೆಟ್ಟಿಲೇರಿ ಬಂದಾಗ ಏದುಸಿರು ಬಿಡುತ್ತಿದ್ದ. ಬಾಟಲಿಯನ್ನು ಮಾತ್ರ ತುಂಬಿದ ಬಟ್ಟಲಿನಂತೆ ನಿಧಾನವಾಗಿ ಮೇಜಿನ ಮೇಲಿಟ್ಟ. ಮಡಕೆಯ ಪಕ್ಕೆಯಲ್ಲಿ ಒಂದು ಒದ್ದೆ ಕಲೆ. ಕಲೆಯ ನಡುವೆ ಸಣ್ಣ ತೂತು. ತೂತಿನಲ್ಲಿ ಏನೋ ಕದಲಿತು.

ಅವಳು ಕುಳಿತಳು. ಸುತ್ತ ಅಷ್ಟು ಜನ ಬಗ್ಗಿ ನಿಂತಿದ್ದರು. ಬೇರೆ ದಿನವಾಗಿದ್ದರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಈಗ ಅವಳಿಗೆ ಕಾಣುತ್ತಿದ್ದದ್ದು ತೂತು ಒಂದೇ. ಅಲ್ಲಿ ಮೊದಲು ಎರಡು ಮೀಸೆ, ಆಮೇಲೆ ಕಪ್ಪು ಮುಖ. ಮಣ್ಣನ್ನು ಒದ್ದೆ ಮಾಡಿ ಕಚ್ಚುತ್ತ, ತೂತನ್ನು ಸ್ವಲ್ಪ ಸ್ವಲ್ಪವೇ ಅಗಲ ಮಾಡುತ್ತಿತ್ತು. ಒಂದು ಕಾಲು ಹೊರಗೆ ಬಂತು. ಮತ್ತೊಂದು. ಕೊನೆಗೆ ದಾರದಂಥ ಆ ಸೊಂಟ, ಹಳದಿ ಪಟ್ಟಿಯ ಹೊಟ್ಟೆ. ಅವಳ ಪೆನ್ಸಿಲು ಒಂದೇ ಸಮನೆ ಓಡಿತು. ತಪ್ಪಾದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಬಿತ್ತು.

ಹುಳ ಮಡಕೆಯ ಮೇಲೆ ಕುಳಿತು ಮೀಸೆ ಒರೆಸಿಕೊಂಡಿತು. ರೆಕ್ಕೆ ಬಿಚ್ಚಿ ಮಡಚಿ ನೋಡಿತು.

"ಕಿಟಕಿ ತೆಗೀರಿ," ಎಂದಳು ಅವಳು. ನೆಟ್ ಬಿಚ್ಚಿದಳು. ಅದು ಬಾಟಲಿಯ ಅಂಚಿಗೆ ಏರಿ, ಬಿಸಿಲಿನ ಕಡೆ ತಿರುಗಿ, ಹಾರಿಹೋಯಿತು. ಬ್ಯಾಂಕಿನವರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಅವಳು ಪುಟದ ಕೆಳಗೆ ಒಂದು ಸಾಲು ಬರೆದು, ಎದ್ದು ನಿಂತು, ಅದನ್ನೇ ಗಟ್ಟಿಯಾಗಿ ಓದಿದಳು.

"ಬಿಸಿಲು ಇದೆ. ಹುಳ ಹೋಯಿತು. ಇದು ಮುಗಿಯಿತು."

ಓದಿದ ಮೇಲೆ ಅವನ ಕಡೆ ನೋಡಿದಳು. ಅವನೂ ಚಪ್ಪಾಳೆ ತಟ್ಟುತ್ತಿದ್ದ. ತಟ್ಟುತ್ತ ತಟ್ಟುತ್ತ ಮುಖ ಸಣ್ಣದು ಮಾಡಿಕೊಂಡಿದ್ದ.

* * *

ಹಿಂತಿರುಗುವಾಗ ಸೈಕಲ್ಲನ್ನು ತಳ್ಳಿಕೊಂಡು ನಡೆದರು. ಅದು ಅಷ್ಟು ಚಿಕ್ಕದಿತ್ತೆಂದರೆ ಅವನು ಬಗ್ಗಿ ತಳ್ಳಬೇಕಿತ್ತು. ಬುಟ್ಟಿಯಲ್ಲಿ ಖಾಲಿ ಬಾಟಲಿ ಟಣ್ ಟಣ್ ಎನ್ನುತ್ತಿತ್ತು.

"ಚಿಕ್ಕಮ್ಮ ಹೇಳಿದ್ದು ನಿಮಗೂ ಕೇಳಿಸಿತ್ತು ಅಲ್ವಾ?" ಎಂದಳು.

"ಇಡೀ ಬೀದಿಗೆ ಕೇಳಿಸಿತ್ತು."

"ಮತ್ತೆ ಯಾಕೆ ತಂದ್ರಿ? ಇನ್ನೂ ಬಂದಿಲ್ಲ ಅಂದಿದ್ರೆ ನಾನು ನಂಬ್ತಿದ್ದೆ. ನಾಳೇನೂ ಬರ್ತಿದ್ದೆ."

ಅವನು ಬುಟ್ಟಿಯ ಬಾಟಲಿಯನ್ನು ನೆಟ್ಟಗೆ ಮಾಡಿದ. "ಸುಳ್ಳು ಹೇಳಲ್ಲ. ಒದ್ದೆ ಕಲೆ ಕಂಡ ತಕ್ಷಣ ಮೊದಲು ಬಂದಿದ್ದು ಅದೇ ಯೋಚನೆ. ಬಾಟಲಿ ಮೇಲೆ ಚಿಂದಿ ಮುಚ್ಚಿ ಕೂತೆ ಕೂಡ. ಆದ್ರೆ ಅವತ್ತು ಮಡಕೆ ಹೋಯ್ತು ಅಂತ ನೀವು ಅತ್ತಿದ್ದು ನೋಡಿದ್ನಲ್ಲ. ಇನ್ನೊಂದ್ಸಲ ನನ್ನ ದೆಸೆಯಿಂದ ಅದು ಅರ್ಧಕ್ಕೆ ನಿಲ್ಲೋದು ಬೇಡ ಅನ್ನಿಸ್ತು." ಬೆಲ್ಲನ್ನು ಸುಮ್ಮನೆ ಒಂದು ಸಲ ಒತ್ತಿದ. "ನಿಮ್ದು ಮುಗೀತು. ಅದೇ ಸಂತೋಷ. ನಂದು... ನಾಳೆಯಿಂದ ನೀವು ಕೆಳಗೆ ಬರೋಕೆ ನೆಪ ಇಲ್ಲ, ಅಷ್ಟೇ."

ಚಿಕ್ಕಮ್ಮನ ಅಂಗಡಿಯ ಮೆಟ್ಟಿಲ ಹತ್ತಿರ ಬಂದು ಅವಳು ನಿಂತಳು. ಅವನೂ ನಿಲ್ಲಬೇಕಾಯಿತು. ನಡುವೆ ಗುಲಾಬಿ ಸೈಕಲ್ಲು.

ಅವಳು ತಲೆಯೆತ್ತಿ ನೇರವಾಗಿ ಅವನ ಮುಖ ನೋಡಿದಳು. ಇಷ್ಟು ದಿನ ತುಣುಕು ತುಣುಕಾಗಿ ಕದ್ದು ನೋಡಿದ್ದನ್ನು ಈಗ ಇಡಿಯಾಗಿ. ಹುಬ್ಬಿನ ಮೇಲೆ ಗ್ರೀಸಿನ ಗೆರೆ. ಮೂಗಿನ ತುದಿಯಲ್ಲಿ ಬೆವರು. ಕಣ್ಣಲ್ಲಿ ಒಂದು ಪ್ರಶ್ನೆ, ಕೇಳಲು ಧೈರ್ಯ ಸಾಲದೆ ಅಲ್ಲೇ ನಿಂತದ್ದು. ಅವನು ಕೂದಲು ಸರಿಮಾಡಿಕೊಳ್ಳಲಿಲ್ಲ. ಗದ್ದ ಎತ್ತಲಿಲ್ಲ.

"ನೆಪ ಯಾಕೆ ಬೇಕು?" ಎಂದಳು. "ನನಗೆ ನೀವು ಬೇಕು. ಚಿಕ್ಕಮ್ಮ ಈಗ ಮೇಲೇ ಇದ್ದಾರೆ. ಬಂದು ಕೇಳಿ."

ಸೈಕಲ್ಲು ಅವನ ಕೈಯಿಂದ ಜಾರಿ ಅಡ್ಡ ಬಿತ್ತು. ಪುಣ್ಯಕ್ಕೆ ಬಾಟಲಿ ಚಿಂದಿಯ ಮೇಲೇ ಉಳಿಯಿತು. "ಈಗಲೇನಾ? ಏನಂತ ಕೇಳಲಿ?"

"ಅದನ್ನೂ ನಾನೇ ಕಲಿಸಬೇಕಾ?"

"ಅವರ ಕೈಯಲ್ಲಿ ಕತ್ತರಿ ಇರುತ್ತೆ."

"ಯಾವಾಗ್ಲೂ ಇರುತ್ತೆ. ಬನ್ನಿ."

ಅವಳು ಮುಂದೆ ಮೆಟ್ಟಿಲು ಹತ್ತಿದಳು. ಹಿಂದೆ ಅವನ ಹೆಜ್ಜೆ ಒಮ್ಮೆ ನಿಂತಿತು, ಮತ್ತೆ ಬಂತು. ಅವಳು ತಿರುಗಿ ನೋಡಲಿಲ್ಲ. ಬರುತ್ತಾನೆ ಎಂದು ಗೊತ್ತಿತ್ತು.

ಚಿಕ್ಕಮ್ಮ ಬಾಗಿಲಿಗೆ ಬೆನ್ನು ಹಾಕಿ ಯಾರದೋ ಕೋಟಿನ ಹೊಲಿಗೆ ಬಿಚ್ಚುತ್ತಿದ್ದರು.

"ಚಿಕ್ಕಮ್ಮಾ, ಒಬ್ಬರನ್ನ ಕರ್ಕೊಂಡು ಬಂದಿದೀನಿ."

ಚಿಕ್ಕಮ್ಮ ತಲೆ ಎತ್ತಲಿಲ್ಲ. ಭಾನುವಾರವೂ ಬಿಡದ ಯಾರೋ ಗಿರಾಕಿ ಎಂದುಕೊಂಡರು. "ಏನಂತೆ? ಉದ್ದ ಆಯ್ತಂತೋ, ಬಿಗಿ ಆಯ್ತಂತೋ?"

ಅವಳು ಬಾಗಿಲಲ್ಲಿ ನಿಂತವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

"ಎರಡೂ ಇಲ್ಲ ಚಿಕ್ಕಮ್ಮ," ಎಂದಳು. "ಸರಿಯಾಗಿದೆ. ಹೀಗೇ ಇಟ್ಕೋತೀನಿ."